ತವರುಗಲ್ಲು

ಮೂಡುಬೆಂಗ್ರೆಯ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕಡಲಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಮಬ್ಬು ಕವಿದ ದಿನ ಅದೂ ಇಲ್ಲ. ಆ ನಡುಗಡ್ಡೆಯಲ್ಲಿ ಮರವಿಲ್ಲ, ಸಿಹಿನೀರಿಲ್ಲ; ಬಂಡೆಗೆ ಬಡಿಯುವ ಅಲೆ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅಂಥ ಜಾಗಕ್ಕೆ ತವರುಗಲ್ಲು ಎಂಬ ಹೆಸರು ಬಂದದ್ದು ಚಂದು ಎಂಬ ಬಸುರಿಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಾಯಿದೋಣಿಗಳ ಕಾಲದಲ್ಲಿ, ಚಂದು ಚೊಚ್ಚಲ ಹೆರಿಗೆಗೆಂದು ಅಣ್ಣ ಬಡಿಯನ ಮನೆಗೆ ಬಂದಿದ್ದಳು. ಆಗಲೇ ಬಡಿಯ ಆ ಕಲ್ಲಿನ ಸುತ್ತ ತಾಟೆಮೀನು, ಅಂದರೆ ಈಗಿನವರ ಶಾರ್ಕ್, ಹಿಂಡುಗಟ್ಟಿ ತಿರುಗುವುದನ್ನು ಕಂಡು ಒಂದನ್ನು ಹಿಡಿದು ತಂದ. ದಡದಲ್ಲಿ ಹೊಟ್ಟೆ ಸೀಳಿದರೆ ಮರಿಗಳು ಜಾರಿ ಬಿದ್ದು ಮರಳಿನಲ್ಲಿ ಮಿಡುಕಿದವು. ಚಂದು ಅವನ್ನು ಸೆರಗಿಗೆ ಬಾಚಿಕೊಂಡು ಓಡಿದಳು. ನೀರು ಮುಟ್ಟುವಷ್ಟರಲ್ಲಿ ಅವು ಸುಮ್ಮನಾಗಿದ್ದವು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹೆರುವುದಕ್ಕೆಂದೇ ಅವು ಆ ಕಲ್ಲನ್ನು ಹುಡುಕಿ ಬರುತ್ತವೆ ಎಂಬುದು ಅವಳಿಗೆ ಹೊಳೆದುಬಿಟ್ಟಿತ್ತು. ಅಣ್ಣನೋ ಊರ ದೋಣಿಗಳನ್ನೆಲ್ಲ ಕೂಡಿಸಿ ಕಲ್ಲಿನ ಸುತ್ತ ಬಲೆ ಕಟ್ಟುವ ಆತುರದಲ್ಲಿದ್ದ. ಹಗಲಿಡೀ ಅಂಗಳದಲ್ಲಿ ಹಗ್ಗ ಹೊಸೆಯುವ ಸದ್ದು, ಹೊಟ್ಟೆಯೊಳಗೆ ಕೂಸಿನ ಒದೆತ.

ದೋಣಿಗಳು ಹೊರಡುವ ಮುನ್ನಾದಿನ ಚಂದುವಿನ ಬಯಕೆಯೂಟ. ಎಲೆಯ ಮುಂದೆ ಕೂತ ಬಸುರಿ ಕೇಳಿದ್ದನ್ನು ತವರಿನವರು ಕೊಡಲೇಬೇಕು. ಕೊಡದ ಮನೆಯ ದೋಣಿಯನ್ನು ಕಡಲು ಒಲ್ಲದು ಎಂದು ನಂಬಿಕೆ. ನೆರೆದವರ ಮುಂದೆ ಬಡಿಯ ಉಬ್ಬಿಹೋದ.

"ಕೇಳ್ ಹೆಣ್ಣೆ, ಎಂತ ಬೇಕ್? ತಾಟೆ ಸುಕ್ಕವಾ? ನಾಳೆ ದೋಣಿ ತುಂಬಾ ತತ್ತೆ."

"ಆ ಕಲ್ಲಿನ ಹತ್ರ ಬಲೆ ಹಾಕ್ಬೇಡ ಅಣ್ಣಯ್ಯ. ಅದೇ ನನ್ನ ಬಯಕೆ."

"ಮೀನಿನ ಬಾಣಂತನ ಮಾಡುಕೆ ನಾನೆಂತ ಸೂಲಗಿತ್ತಿಯಾ ಮಾರಾಯ್ತಿ?" ಎಂದ ಬಡಿಯ. ಪಂಕ್ತಿಯೆಲ್ಲ ನಕ್ಕಿತು.

ಚಂದು ಎಲೆ ಮುಟ್ಟಲಿಲ್ಲ. "ನಾನು ಬಂದದ್ದೂ ಹೆರುಕೇ ಅಲ್ದಾ? ನನಗೆ ಬಾಗಿಲಲ್ಲಿ ಬಲೆ ಕಟ್ಟಿದ್ಯಾ ನೀನ್?"

ನಗು ನಿಂತಿತು. ಅನ್ನ ಆರತೊಡಗಿತು. ಬಡಿಯ ಎದ್ದು ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೋದ. ಕೊನೆಗೆ ತಂಗಿಯ ಎಲೆಗೆ ತಾನೇ ತುಪ್ಪ ಬಡಿಸಿ, "ಉಣ್ಣ್" ಎಂದಷ್ಟೇ ಹೇಳಿದ. ಮರುದಿನ ದೋಣಿಗಳು ಬೇರೆ ದಿಕ್ಕಿಗೆ ಹೋದವು.

ಇಂದಿಗೂ ಮೂಡುಬೆಂಗ್ರೆಯವರು ತವರುಗಲ್ಲು ಹತ್ತಿರವಾದರೆ ಬಲೆ ಮಡಚಿ ಒಳಗಿಡುತ್ತಾರೆ. ಮಳೆಗಾಲ ಕಳೆದ ಮೇಲೆ ಹೋದವರಿಗೆ ಬಂಡೆಯ ಸುತ್ತ ಬೂದು ಬೆನ್ನುರೆಕ್ಕೆಗಳು ಎಡೆಬಿಡದೆ ತಿರುಗುವುದು ಕಾಣುತ್ತದೆ. ಈಚೆಗೆ ಅವು ಬೆರಳೆಣಿಕೆಗೆ ಇಳಿದಿವೆ. ಆಚೆ ಕಡಲಿನಲ್ಲಿ ಪರವೂರಿನ ಟ್ರಾಲರುಗಳು ಸಾಲುಗಟ್ಟಿರುತ್ತವೆ. ಒಂದು ತಾಟೆಯೂ ಬಾರದ ವರ್ಷ ದಡದ ಮುದುಕಿಯರು, "ಹೆಣ್ಣು ಇನ್ನೂ ದಾರಿಯಲ್ಲಿದ್ದಾಳೆ" ಎನ್ನುತ್ತಾರೆ. ಹಾಗೆಂದವರೂ ಕೂತಿರಲಾರದೆ ಎದ್ದೆದ್ದು ಪಡುವಣಕ್ಕೆ ನೋಡುತ್ತಾರೆ.