ಹಗ್ಗದ ಆ ತುದಿ

ಹಗ್ಗ ಹೊಸೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಈ ತುದಿಯಲ್ಲಿ ಒಬ್ಬರು ಕೂತು ರಾಟೆ ತಿರುಗಿಸಬೇಕು. ಆ ತುದಿಯಲ್ಲಿ ಇನ್ನೊಬ್ಬರು ಎಳೆಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಹಿಂದಕ್ಕೆ ವಾಲಿ ನಿಲ್ಲಬೇಕು. ನಿಂತವರಿಗೆ ಬೇರೇನೂ ಕೆಲಸವಿಲ್ಲ ಎಂದು ನೋಡುವವರಿಗೆ ಅನ್ನಿಸುತ್ತದೆ. ನೋಡುವವರಿಗೆ ಏನು, ಅವರಿಗೆ ಎಲ್ಲ ಕೆಲಸವೂ ಸುಲಭವೇ.

ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಹುಲಗಪ್ಪ ಮತ್ತು ಅವನ ಮಗ ಗಾಳೆಪ್ಪ ಹೀಗೆ ಪುಂಡಿ ಗಿಡದ ನಾರಿನ ಹಗ್ಗ ಹೊಸೆಯುತ್ತಿದ್ದರು. ಗಾಳೆಪ್ಪನ ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದಳು. ಗಾಳೆಪ್ಪನಿಗೆ ಮದುವೆಯ ಯೋಗ ಕೂಡಿಬರಲಿಲ್ಲ. ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ಏಳನೆಯ ವಯಸ್ಸಿಗೆ ರಾಟೆಯ ಮುಂದೆ ಕೂತ ಗಾಳೆಪ್ಪ ನಲವತ್ತೇಳಾದರೂ ಅಲ್ಲಿಯೇ ಕೂತಿದ್ದ. ಅಪ್ಪ ಮಾತ್ರ ನಲವತ್ತು ಹೆಜ್ಜೆ ಆಚೆ, ಬೇವಿನ ಮರದ ಪಕ್ಕ ನಿಲ್ಲುತ್ತಿದ್ದ. ಅಷ್ಟು ದೂರದಿಂದ ಮಾತು ಕೇಳಿಸುವುದಿಲ್ಲ. ಆದರೆ ಹಗ್ಗ ಹಿಡಿದವರಿಗೆ ಮಾತು ಬೇಕಿಲ್ಲ. ಅಪ್ಪನಿಗೆ ಬಾಯಾರಿದರೆ, ಕಾಲು ನೋಯುತ್ತಿದ್ದರೆ, ಅದೆಲ್ಲ ಮಗನ ಕೈಗೆ ಹಗ್ಗದಲ್ಲೇ ಗೊತ್ತಾಗುತ್ತಿತ್ತು.

ಹುರಿ ಏರಿದಂತೆ ಹಗ್ಗ ಗಿಡ್ಡವಾಗುತ್ತದೆ. ನಲವತ್ತು ಹೆಜ್ಜೆಯ ಎಳೆ ಹಗ್ಗವಾಗುವ ಹೊತ್ತಿಗೆ ಮೂವತ್ತು ಹೆಜ್ಜೆಗೆ ಇಳಿಯುತ್ತದೆ. ಹಾಗಾಗಿ ಹುಲಗಪ್ಪ ನಿಂತಲ್ಲೇ ನಿಲ್ಲುತ್ತಿರಲಿಲ್ಲ. ಹಗ್ಗ ಕರೆದಷ್ಟು ಮುಂದೆ ಬರುತ್ತಿದ್ದ. ಒಂದೊಂದೇ ಹೆಜ್ಜೆ. ಹೊಸೆದು ಮುಗಿಯುವ ಹೊತ್ತಿಗೆ ಹತ್ತು ಹೆಜ್ಜೆ ಹತ್ತಿರ ಬಂದು, ದಿನವೂ ಒಂದೇ ಮಾತು ಕೂಗಿ ಹೇಳುತ್ತಿದ್ದ.

"ಬಂದ್ನಪಾ, ಸಾಕು ನಿಲ್ಸು."

ನಲವತ್ತು ವರ್ಷದಲ್ಲಿ ಈ ಮಾತನ್ನು ಗಾಳೆಪ್ಪ ಎಷ್ಟು ಸಾವಿರ ಸಲ ಕೇಳಿದ್ದನೋ. ಒಂದು ಸಲವಾದರೂ ಕಿವಿಗೊಟ್ಟು ಕೇಳಿರಲಿಲ್ಲ. ದಿನಾ ಕೇಳುವ ಮಾತಿಗೆ ಯಾರು ಕಿವಿಗೊಡುತ್ತಾರೆ?

ಎಂಬತ್ತು ದಾಟಿದ ಹುಲಗಪ್ಪ ಒಂದು ಮಧ್ಯಾಹ್ನ ಉಂಡು ಮಲಗಿದವನು ಮೇಲೇಳಲಿಲ್ಲ. ಊರೇ ಬಂದು ಮಣ್ಣು ಮಾಡಿತು. ಹನ್ನೊಂದು ದಿನದ ಕಾರ್ಯವೂ ಮುಗಿಯಿತು. ಬಂದವರೆಲ್ಲ ಅವರವರ ಮನೆಗೆ ಹೋದರು. ಗಾಳೆಪ್ಪನೂ ತನ್ನ ಮನೆಗೆ ಬಂದ. ಅಲ್ಲಿ ಯಾರೂ ಇರಲಿಲ್ಲ.

ಮುಂಜಾನೆ ರೊಟ್ಟಿ ಬಡಿಯುವಾಗ ಕೈ ತಾನಾಗಿಯೇ ನಾಲ್ಕು ರೊಟ್ಟಿಯ ಹಿಟ್ಟು ತೆಗೆಯುತ್ತಿತ್ತು. ಎರಡು ತಿಂದು, ಉಳಿದ ಎರಡನ್ನು ನೋಡುತ್ತ ಕೂರುತ್ತಿದ್ದ. ಅಪ್ಪನ ಕೆಮ್ಮು ಇಲ್ಲದ ಮನೆಯಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ತಡೆಯಲಾರದೆ ಎದ್ದು ರಾಟೆಯ ಮುಂದೆ ಹೋಗಿ ಕೂತರೆ, ಎದುರಿಗೆ ಬೇವಿನ ಮರದ ಪಕ್ಕ ಬರೀ ಬಿಸಿಲು.

ಯಮನೂರಪ್ಪ ಎಂಬ ಕೂಲಿಯವ ಬಂದು ಕೇಳಿದ. "ಯಣ್ಣಾ, ಆ ತುದಿಗೆ ನಾ ನಿಂದ್ರಲೇನು?"

ಗಾಳೆಪ್ಪನ ಮುಖ ಬಿಗಿಯಿತು. "ಅದು ನಮ್ಮಪ್ಪನ ಜಾಗ. ಅಲ್ಲಿ ಯಾರೂ ನಿಂದ್ರಬಾರದು."

ಹೇಳಿದ್ದಷ್ಟೇ ಅಲ್ಲ, ಹಳ್ಳದ ದಂಡೆಯಿಂದ ಸೊಂಟದೆತ್ತರದ ಒಂದು ಕರಿಕಲ್ಲು ಉರುಳಿಸಿಕೊಂಡು ಬಂದು ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನೆಟ್ಟ. ಅದಕ್ಕೆ ವಿಭೂತಿ ಬಳಿದ. ಅಪ್ಪನ ಸೊಂಟದ ಪಟ್ಟಿಯನ್ನು ಅದಕ್ಕೇ ಸುತ್ತಿದ. ದಿನವೂ ಹೂವಿಟ್ಟು, ಎಳೆಯ ತುದಿಯನ್ನು ಆ ಪಟ್ಟಿಗೆ ಕಟ್ಟಿ, ಬಂದು ರಾಟೆ ತಿರುಗಿಸುತ್ತಿದ್ದ. ಮಗ ಅಂದರೆ ಹೀಗಿರಬೇಕು ಎಂದು ಊರವರು ಹೊಗಳಿದರು. ಹೊಗಳಿಕೆ ಕೇಳಿ ಅವನ ಒಂಟಿತನವೇನೂ ಕಡಿಮೆಯಾಗಲಿಲ್ಲ. ಆದರೂ ಅಪ್ಪ ಅಲ್ಲೇ ಇದ್ದಾನೆ, ಎಲ್ಲಿಗೂ ಹೋಗಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಕಲ್ಲು ಮುಂದೆ ಬರುವುದಿಲ್ಲ ಎಂಬುದು ಅವನಿಗೆ ತಿಳಿಯದ್ದೇನಲ್ಲ. ಅದಕ್ಕೆಂದೇ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ ನೋಡಿದ. ಎಳೆಗಳು ಒಂದರ ಮೇಲೊಂದು ಬಿದ್ದು ಗಂಟಾದವು. ಬಿಗಿಯಾಗಿ ಕಟ್ಟಿದ. ಹಗ್ಗ ಹೊರಗಿನಿಂದ ಚೆಂದ ಕಂಡಿತು, ಆದರೆ ಒಳಗಿನ ನಾರು ಸೆಟೆದು ಸೀಳಿತ್ತು. ಯಾವಾಗ ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಎಂಬ ಲೆಕ್ಕ ಇದ್ದದ್ದು ಅಪ್ಪನ ಸೊಂಟದಲ್ಲಿ. ಕಲ್ಲಿಗೆ ಸೊಂಟ ಎಲ್ಲಿಂದ ಬರಬೇಕು?

ಒಬ್ಬರ ಎತ್ತು ಕಟ್ಟುವ ಕಣ್ಣಿ ಹರಿಯಿತು. ಇನ್ನೊಬ್ಬರ ಕೊಡ ಬಾವಿಗೆ ಬಿತ್ತು. ಹುಲಗಪ್ಪನ ಮೇಲಿನ ಗೌರವಕ್ಕೆ ಜನ ಜೋರು ಮಾಡಲಿಲ್ಲ. ಹರಿದದ್ದನ್ನು ಮೆಲ್ಲಗೆ ತಂದು ಅವನ ಮನೆಯ ಕಟ್ಟೆಯ ಮೇಲಿಟ್ಟು ಹೋದರು. "ಈ ವರ್ಷ ಪುಂಡಿ ಸರಿ ಬಂದಿಲ್ಲ" ಅಂದ ಗಾಳೆಪ್ಪ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಬಡಪಾಯಿ ಪುಂಡಿ ಏನು ಮಾಡಿತ್ತು?

ಹೀಗೆ ಏಳು ತಿಂಗಳು ಕಳೆಯಿತು.

ಪಕ್ಕದ ಮನೆಯ ಕಾಶವ್ವ ಗಟ್ಟಿ ಬಾಯಿಯ ಮುದುಕಿ. ಅವಳ ಮೊಮ್ಮಗಳು ಹೆರಿಗೆಗೆ ಬಂದು, ಹೆಣ್ಣು ಕೂಸು ಹೆತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಊರಲ್ಲಿ ಯಾರ ಮನೆಯ ತೊಟ್ಟಿಲಿಗೂ ಹಗ್ಗ ಹುಲಗಪ್ಪನದೇ. ಅದಕ್ಕೆ ಅವನು ಬೆಲೆ ಹೇಳುತ್ತಿರಲಿಲ್ಲ. ಅದರ ಬದಲು ಆ ಊರವರು ಅವನಿಗೊಂದು ಮಾನ ಕೊಟ್ಟಿದ್ದರು. ತೊಟ್ಟಿಲನ್ನು ಮೊದಲು ತೂಗುವವನು ಹಗ್ಗ ಹೊಸೆದವನೇ ಆಗಬೇಕು. ಆಮೇಲೆ ಅಜ್ಜಿ, ಅತ್ತೆ, ಸೋದರಮಾವ ಎಲ್ಲರೂ.

ಕಾಶವ್ವ ಬಂದು ಅಂದಳು. "ಗಾಳ್ಯಾ, ಹಗ್ಗ ಕೊಟ್ಟು ಮನಿಯಾಗ ಕುಂದ್ರಬ್ಯಾಡ. ನಿಮ್ಮಪ್ಪ ಇದ್ದಿದ್ರ ಎಲ್ಲಾರಕಿಂತ ಮೊದಲ ಬರ್ತಿದ್ದ. ನೀನ ಬಂದು ತೂಗಬೇಕು."

ಜನರ ನಡುವೆ ಹೋಗುವುದೆಂದರೆ ಗಾಳೆಪ್ಪನಿಗೆ ಬೇಸರ. ಆದರೂ ಅಪ್ಪನ ಮಾನ ಎಂದು ಒಪ್ಪಿಕೊಂಡ. ಇದ್ದುದರಲ್ಲೇ ನುಣುಪಾದ ನಾರು ಆರಿಸಿ, ಕಲ್ಲಿಗೆ ಎರಡು ಹೂವು ಹೆಚ್ಚಿಟ್ಟು ಕೈಮುಗಿದು, ಬಿಗಿಯಾಗಿ ಕಟ್ಟಿ ಹಗ್ಗ ಹೊಸೆದ.

ಆ ದಿನ ಕಾಶವ್ವನ ಪಡಸಾಲೆ ತುಂಬ ಹೆಂಗಸರು. ಜಂತಿಗೆ ತೊಟ್ಟಿಲು ತೂಗುಹಾಕಿದ್ದರು. ಕೂಸನ್ನು ಮಲಗಿಸುವ ಮೊದಲು ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿಟ್ಟು ತೂಗುವುದು ಪದ್ಧತಿ. ಹಾಗೆಯೇ ಇಟ್ಟರು. ಗಾಳೆಪ್ಪ ಅಂಜುತ್ತಲೇ ಮುಂದೆ ಬಂದು ತೊಟ್ಟಿಲಿಗೆ ಕೈಹಚ್ಚಿದ. ಒಮ್ಮೆ ತೂಗಿದ. ಎರಡನೆಯ ಸಲ ತೂಗುವಾಗ ಮೇಲೆ ಫಟ್ಟೆಂದು ಸದ್ದಾಯಿತು. ಹಗ್ಗ ಹರಿದು, ತೊಟ್ಟಿಲು ಒಂದು ಬದಿಗೆ ವಾಲಿ, ಗುಂಡುಕಲ್ಲು ನೆಲಕ್ಕೆ ಬಿದ್ದು ಹಾಸುಬಂಡೆ ಒಡೆಯಿತು.

ಕೂಸಿನ ತಾಯಿ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಆತು ನಿಂತಳು. ಗಾಳೆಪ್ಪ ಒಡೆದ ಬಂಡೆಯನ್ನೇ ನೋಡಿದ. ಕಲ್ಲಿನ ಬದಲು ಕೂಸು ಇದ್ದಿದ್ದರೆ ಎಂಬ ಯೋಚನೆ ಬಂದದ್ದೇ ಅವನು ತೊಟ್ಟಿಲಿನಿಂದ ಹಿಂದೆ ಸರಿದ. ಹೊರಗೆ ಬಂದು, ನೇರವಾಗಿ ಬೇವಿನ ಮರದ ಹತ್ತಿರ ಹೋಗಿ, ಆ ಕರಿಕಲ್ಲನ್ನು ತಬ್ಬಿಕೊಂಡು ಕುಸಿದ. ಅಪ್ಪ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

"ಅಪ್ಪಾ, ನಿನ್ನ ಹೆಸರ ಕೆಡಿಸಿಬಿಟ್ಟೆ. ನೀ ಇಲ್ಲದ ನನಗ ಏನೂ ಆಗವಲ್ದು."

ಹಿಂದೆ ಬಳೆಯ ಸದ್ದಾಯಿತು. ಕಾಶವ್ವ ಬಂದು ನಿಂತಿದ್ದಳು. ಬೈಯುತ್ತಾಳೆ ಎಂದು ಗಾಳೆಪ್ಪ ತಲೆ ತಗ್ಗಿಸಿದ. ಅವಳು ಕಲ್ಲನ್ನು ನೋಡಿದಳು, ಅದಕ್ಕೆ ಸುತ್ತಿದ ಪಟ್ಟಿಯನ್ನು ನೋಡಿದಳು, ಪಟ್ಟಿಗೆ ಕಟ್ಟಿದ್ದ ಹುರಿಯ ತುಂಡನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಗಾಳ್ಯಾ, ಒಂದು ಮಾತು ಕೇಳ್ತೀನಿ. ತೊಟ್ಟಿಲದಾಗ ಮೊದಲ ಕಲ್ಲು ಯಾಕ ಇಡ್ತೀವಿ?"

"ಪದ್ಧತಿ, ಅತ್ತಿ."

"ಪದ್ಧತಿ ಖರೆ. ಆದರ ಎಷ್ಟೊತ್ತು ಇಡ್ತೀವಿ? ಎರಡ ಸಲ ತೂಗಿ, ತಗದು, ಕೂಸಿನ ಹಾಕ್ತೀವಿ. ಹೌದಲ್ಲೊ? ಯಾರರ ಕಲ್ಲನ್ನ ತೂಗಕೋತ ಏಳು ತಿಂಗಳು ಕುಂತಿದ್ದು ನೋಡೀಯೇನು?"

ಗಾಳೆಪ್ಪ ಕರಿಕಲ್ಲಿನಿಂದ ಕೈ ತೆಗೆದ.

"ನಿಮ್ಮಪ್ಪ ಕಲ್ಲಾಗಿರಲಿಲ್ಲೋ ಮಾರಾಯಾ. ಮನಶ್ಯಾ ಆಗಿದ್ದ. ನಕ್ಕೋತ ಬರ್ತಿದ್ದ. ಅವನ್ನ ಇಲ್ಲಿ ನೆಟ್ಟು ಕಟ್ಟಿ ಹಾಕೀಯಲ್ಲ, ಪಾಪ." ಹೀಗೆ ಹೇಳುವಾಗ ಅವಳ ಗಟ್ಟಿ ಬಾಯಿಯೂ ಒಂದಿಷ್ಟು ಮೆತ್ತಗಾಯಿತು. ಹುಲಗಪ್ಪ ಅವಳಿಗೂ ನಲವತ್ತು ವರ್ಷದ ನೆರೆಯವನು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಪಟ್ಟಿಯನ್ನು ಬಿಚ್ಚಿ, ತಾನೇ ಕಟ್ಟಿಕೊಂಡಳು. "ಏಳು. ಕೂಸು ಕಾಯಾಕತ್ತೈತಿ. ಹೊತ್ತು ಮುಳುಗೂದರಾಗ ಹೆಸರು ಇಡಬೇಕು. ರಾಟಿ ತಿರುವು."

"ಅತ್ತಿ, ಅದು ಅಪ್ಪನ..."

"ಗೊತ್ತೈತಿ ಯಾರ ಜಾಗ ಅಂತ. ಏಳು!"

ಗಾಳೆಪ್ಪ ಕಣ್ಣೊರೆಸಿಕೊಂಡು ಎದ್ದ. ಹೊಸ ಎಳೆ ಹೂಡಿ ರಾಟೆಗೆ ಕೈ ಹಾಕಿದ. ಹುರಿ ಏರತೊಡಗಿತು. ಆ ತುದಿಯಲ್ಲಿ ಒಂದು ಸಣ್ಣ ತೊನೆತ. ಒಂದು ಉಸಿರು. ಏಳು ತಿಂಗಳ ಮೇಲೆ ಅವನ ಕೈಗೆ ಜೀವವಿರುವ ಭಾರ ಸಿಕ್ಕಿತು. ಅವನ ಕಣ್ಣು ಮತ್ತೆ ತುಂಬಿತು. ಆದರೆ ಈ ಸಲ ಕೈ ನಿಲ್ಲಲಿಲ್ಲ.

"ಏಯ್, ನನ್ನ ಎಳಿಯಾಕತ್ತೈತೋ ಇದು!" ಆ ಕಡೆಯಿಂದ ಕಾಶವ್ವ ಕೂಗಿದಳು.

"ಎಳದಷ್ಟು ಬಾ, ಅತ್ತಿ. ಮೆಲ್ಲಕ ಬಾ."

ಅವಳು ಗೊಣಗುತ್ತ, ಎಡವುತ್ತ, ಒಂದೊಂದೇ ಹೆಜ್ಜೆ ಬಂದಳು. ಹಗ್ಗವೇನೂ ಹುಲಗಪ್ಪನ ಕಾಲದಷ್ಟು ಚೆಂದ ಆಗಲಿಲ್ಲ. ಅಲ್ಲಲ್ಲಿ ಉಬ್ಬಿತ್ತು. ಆದರೆ ಇಬ್ಬರು ಗಂಡಸರು ಜಗ್ಗಿದರೂ ಹರಿಯಲಿಲ್ಲ. ತೊಟ್ಟಿಲು ಕಟ್ಟಿದರು. ಮತ್ತೊಮ್ಮೆ ಗುಂಡುಕಲ್ಲು ಇಟ್ಟು ತೂಗಿದರು, ತೆಗೆದರು, ಕೂಸನ್ನು ಮಲಗಿಸಿದರು. ಹೊತ್ತು ಮುಳುಗುವ ಮೊದಲು ಕೂಸಿಗೆ ಹೆಸರಾಯಿತು.

ಮರುದಿನ ಮುಂಜಾನೆ ಗಾಳೆಪ್ಪ ಯಮನೂರಪ್ಪನನ್ನು ಕರೆತಂದ. ಇಬ್ಬರೂ ಸೇರಿ ಕರಿಕಲ್ಲನ್ನು ಕಿತ್ತು ಬೇವಿನ ಬುಡಕ್ಕೆ ಉರುಳಿಸಿದರು. ಯಮನೂರಪ್ಪ ಪಟ್ಟಿ ಕಟ್ಟಿಕೊಳ್ಳಲು ಕೈಚಾಚಿದ.

"ಬ್ಯಾಡ, ನೀ ರಾಟಿ ತಿರುವು" ಅಂದ ಗಾಳೆಪ್ಪ. "ಅಲ್ಲಿ ನಾ ನಿಂದ್ರತೀನಿ."

ನಲವತ್ತು ವರ್ಷದಲ್ಲಿ ಒಮ್ಮೆಯೂ ಅವನು ಆ ತುದಿಯಲ್ಲಿ ನಿಂತವನಲ್ಲ. ಪಟ್ಟಿ ಬಿಗಿದುಕೊಂಡು, ಹಿಂದಕ್ಕೆ ವಾಲಿ, ಎದುರಿಗೆ ನೋಡಿದ. ದೂರದಲ್ಲಿ ರಾಟೆ, ಅದರ ಮುಂದೆ ತಲೆ ತಗ್ಗಿಸಿ ಕೂತ ಒಬ್ಬ ಮನುಷ್ಯ. ಇಷ್ಟು ವರ್ಷ ಅಪ್ಪ ನೋಡಿದ್ದು ಇದನ್ನೇ. ಏಳು ವರ್ಷದ ಹುಡುಗನಿಂದ ತಲೆ ನೆರೆಯುವವರೆಗೆ, ಇಲ್ಲಿಂದಲೇ, ದಿನವೂ.

ಹಗ್ಗ ಮೆಲ್ಲಗೆ ಸೊಂಟವನ್ನು ಎಳೆಯಿತು. ಗಾಳೆಪ್ಪ ಒಂದು ಹೆಜ್ಜೆ ಮುಂದಿಟ್ಟ. ಬರಿಗಾಲು ಒಂದು ಸಣ್ಣ ತಗ್ಗಿನಲ್ಲಿ ಕೂತಿತು. ಇನ್ನೊಂದು ಹೆಜ್ಜೆ ಇಟ್ಟ. ಅಲ್ಲೂ ತಗ್ಗು. ಬಗ್ಗಿ ನೋಡಿದ. ಅಪ್ಪನ ಹಿಮ್ಮಡಿ ನಾಟಿ ನಾಟಿ ನೆಲ ಸವೆದಿತ್ತು. ಒಂದಲ್ಲ, ಎರಡಲ್ಲ, ರಾಟೆಯ ಕಡೆಗೆ ಸಾಲಾಗಿ ಹತ್ತು ಹೆಜ್ಜೆ. ಏಳು ತಿಂಗಳು ದಿನವೂ ಈ ನೆಲವನ್ನೇ ತುಳಿದು ಹೋಗಿ ಅವನು ಕಲ್ಲಿಗೆ ಹೂವಿಟ್ಟಿದ್ದ. ಕಣ್ಣು ಕಲ್ಲಿನ ಮೇಲಿತ್ತು, ಕಾಲ ಕೆಳಗೆ ನೋಡಿರಲಿಲ್ಲ.

ಅವನು ಅಪ್ಪನ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ಬಂದ. ಒಂದೊಂದೇ. ಅವಸರ ಮಾಡಲು ಹಗ್ಗ ಬಿಡಲಿಲ್ಲ. ಹತ್ತನೆಯ ತಗ್ಗಿಗೆ ಬಂದಾಗ ಹಗ್ಗ ಸರಿಯಾಗಿ ಬಿಗಿದು ನಿಂತಿತು. ಯಾರೂ ಕಲಿಸದೆ, ತಾನೂ ನೆನೆಯದೆ, ಗಾಳೆಪ್ಪನ ಬಾಯಿಂದ ಮಾತು ಬಂದುಬಿಟ್ಟಿತು.

"ಬಂದ್ನಪಾ, ಸಾಕು ನಿಲ್ಸು."

ಯಮನೂರಪ್ಪ ರಾಟೆ ನಿಲ್ಲಿಸಿದ. ಗಾಳೆಪ್ಪ ಮಾತ್ರ ಹಗ್ಗ ಹಿಡಿದು ಅಲ್ಲೇ ನಿಂತ. ನಲವತ್ತು ವರ್ಷ ಕಿವಿಗೊಡದ ಆ ಮಾತನ್ನು ಅವತ್ತು ಅವನು ಮೊದಲ ಸಲ ಕೇಳಿದ.

ಅಂದು ರಾತ್ರಿಯೂ ಮನೆಯಲ್ಲಿ ಅವನೊಬ್ಬನೇ. ಉಳಿದ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಯಮನೂರಪ್ಪನಿಗೆ ಕೊಟ್ಟು ಕಳಿಸಿದ್ದ. ಬೇವಿನ ಬುಡದ ಕರಿಕಲ್ಲಿನ ಮೇಲೆ ಈಗ ಕಾಶವ್ವ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾಳೆ, ಹಗ್ಗ ಎಲ್ಲಿ ಉಬ್ಬಿದೆ ಎಂದು ಇಬ್ಬರಿಗೂ ಬೈಯುತ್ತಾಳೆ.

ನೀತಿ: ಹೋದವರ ಜಾಗವನ್ನು ಖಾಲಿ ಇಟ್ಟು ಪೂಜಿಸಿದರೆ ಅವರು ಅಲ್ಲೇ ದೂರ ನಿಂತುಬಿಡುತ್ತಾರೆ. ಆ ಜಾಗದಲ್ಲಿ ನಾವೇ ಹೋಗಿ ನಿಂತು ಅವರ ಕೆಲಸವನ್ನು ಮುಂದುವರಿಸಿದರೆ, ಅವರು ಹೆಜ್ಜೆ ಹೆಜ್ಜೆಯಾಗಿ ನಮ್ಮ ಹತ್ತಿರ ಬರುತ್ತಾರೆ. ಅಪ್ಪನನ್ನು ನೆನೆದು ಅಳು ಬಂದರೆ ಬರಲಿ. ಕೈ ಮಾತ್ರ ನಿಲ್ಲಬಾರದು.