ಸುಟ್ಟ ಗುಡ್ಡದ ಗುತ್ತಿಗೆ

ಕಾಳ್ಗಿಚ್ಚಿಗೆ ಕಾಡಿನ ಮೂಡಣ ಗುಡ್ಡ ಸುಟ್ಟು ಬೋಳಾಯಿತು. ಮಳೆ ಬಿದ್ದರೆ ಮಣ್ಣೆಲ್ಲ ಕೊಚ್ಚಿಹೋಗಿ ಕೆರೆ ಸೇರುತ್ತದೆಂದು ಕಾಡಿನ ಯಜಮಾನಿ ಆನೆಗೆ ದಿಗಿಲು. ನಾಲ್ಕು ಕಡೆ ವಿಚಾರಿಸಿ ಕೆಲಸ ಒಪ್ಪಿಸುವ ವ್ಯವಧಾನ ಅದಕ್ಕಿರಲಿಲ್ಲ.

ಎಲ್ಲರಿಗಿಂತ ಮೊದಲು ಬಂದ ಕಾಡುಹಂದಿ, "ಅಪ್ಪಣೆ ಕೊಡಿ ತಾಯಿ, ಮಳೆಗೆ ಮುಂಚೆ ಗುಡ್ಡ ಹಸಿರಾಗುತ್ತದೆ" ಎಂದಿತು.

"ಹೇಗಾದರೂ ಆಗಲಿ, ಬೇಗ ಮಾಡು" ಎಂದಿತು ಆನೆ.

ಹಂದಿ ಮಾತಿಗೆ ತಪ್ಪಲಿಲ್ಲ. ಗುಡ್ಡದ ತುಂಬ ಎಳೆಗಿಡಗಳು ನಿಂತವು. ಪ್ರಾಣಿಗಳೆಲ್ಲ ಹೊಗಳಿದವು, ಆನೆಯ ಎದೆಭಾರ ಇಳಿಯಿತು.

ಮಳೆ ಹೊಡೆಯಿತು. ಇನ್ನೂ ಬೇರೂರದ ಗಿಡಗಳ ಸಮೇತ ಸುಟ್ಟ ಗುಡ್ಡ ಜಾರಿತು. ಅದರ ಹಿಂದೆಯೇ, ಬೆಂಕಿ ಮುಟ್ಟದಿದ್ದ ಪಡುವಣ ಗುಡ್ಡವೂ ಕುಸಿಯಿತು.

ಬಿಲ ಕಳೆದುಕೊಂಡ ಮುಳ್ಳುಹಂದಿ ಅಳುತ್ತ ಬಂದು, "ಸುಟ್ಟದ್ದು ಆ ಗುಡ್ಡ. ನಮ್ಮದೇಕೆ ಕುಸಿಯಿತು ತಾಯಿ?" ಎಂದು ಕೇಳಿತು.

ಆನೆ ಹೋಗಿ ನೋಡಿತು. ಪಡುವಣ ಗುಡ್ಡದಲ್ಲಿ ಉಳಿದ ಇಳಿಜಾರಿನ ತುಂಬ ಗಿಡ ಕಿತ್ತ ಗುಂಡಿಗಳು. ನಾಚಿಕೆಯಿಂದ ಅದರ ಸೊಂಡಿಲು ಜೋತುಬಿತ್ತು.

ಅಷ್ಟರಲ್ಲಿ ಕಾಡುಹಂದಿ ಓಡಿಬಂದು, "ಇದೂ ತುರ್ತು ಕೆಲಸವೇ ತಾಯಿ. ಅಪ್ಪಣೆ ಕೊಡಿ" ಎಂದಿತು.

"ತುರ್ತೇ ಹೌದು. ಗಿಡ ಎಲ್ಲಿಂದ ತರುತ್ತೀ, ಮೊದಲು ಹೇಳು."

ಹಂದಿಯ ಕಣ್ಣು ಕೆರೆಯಾಚೆ ಉಳಿದಿದ್ದ ಹಸಿರಿನತ್ತ ಹೊರಳಿತು.