ಒರೆ ಬಿಡದ ಚೂರಿ

"ಗುರುಗಳೇ, ನೀವು ಒಡ್ಡಿದ ಪರೀಕ್ಷೆಗಳಲ್ಲಿ ಒಂದರಲ್ಲೂ ನಾನು ಸೋತಿಲ್ಲ. ಆದರೂ ನನ್ನನ್ನು ಹೊರಗೆ ಕಳುಹಿಸಲು ಏಕೆ ಹಿಂಜರಿಯುತ್ತೀರಿ?"

ಕೇಳಿದವನು ಹನ್ನೆರಡು ವರ್ಷ ಕಲಿತ ಶಿಷ್ಯ. ದನಿಯಲ್ಲಿ ವಿನಯವಿತ್ತು, ವಿನಯದ ಅಡಿಯಲ್ಲಿ ಸ್ವಲ್ಪ ಕೋಪವೂ ಇತ್ತು. ಗುರುಗಳು ಕೋಪವನ್ನು ಕೇಳಿಸಿಕೊಂಡು ವಿನಯಕ್ಕೆ ಉತ್ತರ ಕೊಟ್ಟರು. ಅವರು ಹೇಳಿದ ಕತೆ ಇದು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬ ಮುದುಕನಿದ್ದ. ಚೂರಿ ಪರೀಕ್ಷಿಸುವುದು ಅವನ ಕೆಲಸ. ಆ ಊರಿನ ಗಂಡಸರು ಬೇಸಿಗೆಯಲ್ಲಿ ಬಂಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು, ಅದರಲ್ಲಿ ಇಳಿದು ಹೆಜ್ಜೇನು ಕೀಳುತ್ತಿದ್ದರು. ಹಗ್ಗದಲ್ಲಿ ತೂಗುವವನಿಗೆ ದೇವರನ್ನು ಬಿಟ್ಟರೆ ಸೊಂಟದ ಚೂರಿಯೇ ದಿಕ್ಕು. ಆದ್ದರಿಂದ ಅಲ್ಲಿ ಒಂದು ಕಟ್ಟಳೆಯಿತ್ತು. ಮುದುಕ ಚೂರಿ ನೋಡಿ, ಅದರ ಒರೆಯ ಮೇಲೆ ಕಾದ ಕಂಬಿಯಿಂದ ಗುರುತು ಸುಡುವವರೆಗೆ ಯಾರಿಗೂ ಹಗ್ಗ ಕೊಡುವಂತಿರಲಿಲ್ಲ.

ಆ ಗುರುತು ಸುಲಭಕ್ಕೆ ಸಿಗುತ್ತಿರಲಿಲ್ಲ. ಮುದುಕ ಅಂಗಳದ ಚಪ್ಪಡಿಯ ಮೇಲೆ ಕುಳಿತು, ಮೊದಲು ಅಲಗನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದ. ಒಳಗೆ ಬಿರುಕಿದ್ದರೆ ದನಿ ಒಡೆಯುತ್ತದೆ. ಆಮೇಲೆ ಮರದ ಸೀಳಿಗೆ ಸಿಕ್ಕಿಸಿ ಬಾಗಿಸುತ್ತಿದ್ದ. ಬಾಗಿದ್ದು ನೆಟ್ಟಗಾಗದಿದ್ದರೆ ಉಕ್ಕು ಮೆದು, ಮುರಿದರೆ ಅತಿ ಗಡುಸು. ಉಕ್ಕು ಹಿಡಿಯೊಳಗೆ ತುದಿಯವರೆಗೂ ಹೋಗಿದೆಯೋ ಅರ್ಧಕ್ಕೇ ನಿಂತಿದೆಯೋ ಎಂದು ಕೈಯಲ್ಲಿ ತೂಗಿಯೇ ಹೇಳುತ್ತಿದ್ದ. ಕೊನೆಗೆ ಒರೆ. ಚೂರಿಯನ್ನು ಒರೆಗೆ ಸೇರಿಸಿ, ತಲೆಕೆಳಗು ಮಾಡಿ, ಮೂರು ಸಲ ಕೊಡವುತ್ತಿದ್ದ. ಚೂರಿ ಜಾರಿ ಬಿದ್ದರೆ ಆ ಒರೆ ಒಲೆಗೆ. ಬೀಳದಿದ್ದರೆ, ಎಡಗೈಯಲ್ಲಿ ಒರೆಯನ್ನು ಅದುಮಿ ಹಿಡಿದು ಬಲಗೈಯಿಂದ ಚೂರಿಯನ್ನು ಸರ್ರನೆ ಎಳೆದು, ಅಲಗು ನೋಡಿ, ಗುರುತು ಸುಡುತ್ತಿದ್ದ.

ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎಂದು ಕಮ್ಮಾರರು ಗೊಣಗುತ್ತಿದ್ದರು. ಮುದುಕ ನಕ್ಕು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಿದ್ದ. ಅವನ ಗುರುತಿನ ಚೂರಿ ನಲವತ್ತು ವರ್ಷದಲ್ಲಿ ಒಂದೂ ಮುರಿದಿರಲಿಲ್ಲ. ಅವನಿಗೆ ಹೆಮ್ಮೆಯಿತ್ತು, ಇರಬೇಕಾದದ್ದೇ.

ಒಂದು ಬೇಸಿಗೆಯಲ್ಲಿ ಒಬ್ಬ ಜೇನು ಕೀಳುವವನು ಬಂಡೆಯ ನಡುವೆ ಸತ್ತ. ಜೇನುಹುಳ ಎದ್ದಿದ್ದವು, ಹಗ್ಗದ ಕುಣಿಕೆ ಕಾಲಿಗೆ ಸಿಕ್ಕಿಕೊಂಡಿತ್ತು. ಮೇಲಿದ್ದವರು ಎಳೆದು ತರುವಷ್ಟರಲ್ಲಿ ಉಸಿರಿರಲಿಲ್ಲ. ಅವನ ಬಲಗೈ ಹಗ್ಗವನ್ನು ಬಿಡಲಿಲ್ಲ. ಬೆರಳು ಬಿಡಿಸಲಾಗದೆ ಹಗ್ಗವನ್ನೇ ಕತ್ತರಿಸಬೇಕಾಯಿತು. ಚೂರಿ ಮಾತ್ರ ಒರೆಯಲ್ಲೇ ಇತ್ತು. ಮುದುಕ ಅದನ್ನು ತರಿಸಿ ನೋಡಿದ. ಅಲಗಿನಲ್ಲಿ ಒಂದು ಕಲೆಯಿಲ್ಲ. ಚೂರಿಯ ತಪ್ಪಿಲ್ಲ, ಅವನು ಎಳೆಯಲೇ ಇಲ್ಲ ಎಂದ. ಹಣೆಬರಹಕ್ಕೆ ಹೊಣೆ ಯಾರು ಎಂದು ಊರೂ ಒಪ್ಪಿತು. ಪದ್ಧತಿಯಂತೆ ಚೂರಿಯನ್ನು ಅವನ ಜೊತೆಗೇ ಹೂಳಿದರು.

ಮರುವರ್ಷ ಸತ್ತವನ ತಮ್ಮ ಅದೇ ಬಂಡೆಗೆ ಇಳಿಯಲು ಸಿದ್ಧನಾದ. ಹೊಸ ಚೂರಿ ತಂದ. ಮುದುಕ ಎಂದಿನಂತೆ ನೋಡಿ ಗುರುತು ಸುಟ್ಟ. ಹಗ್ಗ ಇಳಿಬಿಡಲು ಮೂರು ದಿನ ಉಳಿದಿತ್ತು.

ಅಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ, ಕಂಬಳಿ ಹೊದ್ದವನೊಬ್ಬ ಅಂಗಳಕ್ಕೆ ಬಂದ. ಕಂಬಳಿಯ ಒಳಗೆ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದ. ಎಡಗೈಯಿಂದ ಒಂದು ಚೂರಿಯನ್ನು ಒರೆಯ ಸಮೇತ ಚಪ್ಪಡಿಯ ಮೇಲಿಟ್ಟ. ಮುದುಕ ಮುಖ ನೋಡುವವನಲ್ಲ, ಚೂರಿ ನೋಡುವವನು. ತಟ್ಟಿದ, ಬಾಗಿಸಿದ, ಕೊಡವಿದ, ಎಳೆದ. ಒಳ್ಳೆಯ ಚೂರಿ, ನನ್ನ ಗುರುತೇ ಇದೆ, ಮತ್ತೇಕೆ ತಂದೆ ಎಂದು ಕೇಳಿದ. ಬಂದವನು ಚೂರಿ ಎತ್ತಿಕೊಂಡು ಹೋದ. ಅವನು ಹೋಗಿ ಎಷ್ಟೋ ಹೊತ್ತಾದ ಮೇಲೆ ಅವನನ್ನು ಕಂಡು ಓಡಿದ್ದ ಮನೆಯ ನಾಯಿ ಹಿತ್ತಿಲಿನಿಂದ ತಿರುಗಿ ಬಂತು.

ಮರುದಿನ ಅದೇ ಹೊತ್ತಿಗೆ ಮತ್ತೆ ಬಂದ. ಮುದುಕನಿಗೆ ರೇಗಿತು. ಕೈಯೇಕೆ ಹಾಗೆ ಎತ್ತಿದ್ದೀಯೆ, ಇಳಿಸಿ ಕುಳಿತುಕೋ ಎಂದು ಗದರಿದ.

"ಅದಕ್ಕೆ ಬಿಡುವಿಲ್ಲ ಅಜ್ಜ. ನೀನು ಇನ್ನೊಂದ್ಸಲ ನೋಡು."

ಮುದುಕ ಇನ್ನೊಂದು ಸಲ ನೋಡಿದ. ಉಕ್ಕಿನಲ್ಲಿ ಕುಂದಿಲ್ಲ, ಹಿಡಿಯಲ್ಲಿ ಕುಂದಿಲ್ಲ. ಆದರೆ ಒರೆಯ ಹೊಲಿಗೆಯ ಸಂದಿನಲ್ಲಿ ಹಸಿ ಮಣ್ಣು ಮೆತ್ತಿತ್ತು. ಬೇಸಿಗೆಯಲ್ಲಿ ಅಂಥ ಮಣ್ಣು ಆಳುದ್ದ ಅಗೆದರೆ ಮಾತ್ರ ಸಿಗುತ್ತದೆ. ಇದು ಯಾರ ಚೂರಿ ಎಂದು ಅವನಿಗೆ ಆಗ ತಿಳಿಯಿತು. ತಲೆ ಎತ್ತಲು ಧೈರ್ಯವಾಗಲಿಲ್ಲ. ಎದುರಿಗಿದ್ದವನ ಪಾದಗಳಷ್ಟೇ ಕಂಡವು. ಅವು ನೆಲದಿಂದ ಎರಡು ಬೆರಳು ಮೇಲಿದ್ದವು. ಗಾಳಿಯಿಲ್ಲದ ಅಂಗಳದಲ್ಲಿ ಮೆಲ್ಲಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತಿದ್ದವು.

ಮುದುಕ ಅದನ್ನು ಯಾರಿಗೂ ಹೇಳಲಿಲ್ಲ. ದೆವ್ವದ ಭಯ ಇತ್ತು, ನಿಜ. ತನ್ನ ಗುರುತು ಸುಳ್ಳಾದೀತೆಂಬ ಭಯ ಅದಕ್ಕಿಂತ ದೊಡ್ಡದಿತ್ತು. ಮನುಷ್ಯನ ಹೆಮ್ಮೆಯೇ ಹಾಗೆ, ಸತ್ತವನು ಎದ್ದು ಬಂದರೂ ಕೂತ ಜಾಗ ಬಿಡುವುದಿಲ್ಲ.

ಮೂರನೆಯ ಮಧ್ಯಾಹ್ನ ಬಂದವನು ಚೂರಿಯನ್ನು ಚಪ್ಪಡಿಯ ಮೇಲೆ ಇಡಲಿಲ್ಲ. ಒರೆಯ ಪಟ್ಟಿಯನ್ನು ಮುದುಕನ ಸೊಂಟದ ದಾರಕ್ಕೆ ಸಿಕ್ಕಿಸಿದ. ಮುದುಕನ ಬಲಗೈಯನ್ನು ಹಿಡಿದು ಮೇಲಕ್ಕೆತ್ತಿದ. ಆ ಬೆರಳುಗಳು ಬಾವಿಯ ತಳದ ಕಲ್ಲಿನಷ್ಟು ತಣ್ಣಗಿದ್ದವು. ಮುದುಕನ ಮುಷ್ಟಿಯೊಳಗೆ ಒರಟು ಹಗ್ಗವೊಂದು ಬಂದು ಕೂತಿತು. ಮೇಲೆ ನೋಡಿದರೆ ಬರಿಯ ಆಕಾಶ. ಮುಷ್ಟಿ ಬಿಚ್ಚಲು ನೋಡಿದ, ಆಗಲಿಲ್ಲ. ಕಾಲಿನ ಕೆಳಗೆ ಅಂಗಳ ಸಡಿಲವಾಯಿತು. ಕಿವಿಯ ತುಂಬ ಹುಳಗಳ ಝೇಂಕಾರ.

ಮುದುಕ ಎಡಗೈಯಿಂದ ಚೂರಿಯ ಹಿಡಿಗೆ ತಡಕಾಡಿದ. ಸಿಕ್ಕಿತು. ಎಳೆದ. ಚೂರಿಯ ಜೊತೆಗೆ ಒರೆಯೂ ಬಂತು. ಮತ್ತೆ ಎಳೆದ. ಒರೆ ಸೊಂಟದಿಂದ ಪಕ್ಕೆಗೆ, ಪಕ್ಕೆಯಿಂದ ಕಂಕುಳಿಗೆ ತಿರುಚಿಕೊಂಡು ಏರಿತು. ತಲೆಕೆಳಗಾದರೂ ಚೂರಿಯನ್ನು ಬೀಳಗೊಡದ ಒರೆ, ಈಗ ಬೇಕೆಂದರೂ ಬಿಡಲೊಲ್ಲದು. ಅದನ್ನು ಅದುಮಿ ಹಿಡಿಯಲು ಇನ್ನೊಂದು ಕೈ ಬೇಕಿತ್ತು. ನಲವತ್ತು ವರ್ಷ ಅವನು ಪ್ರತಿಯೊಂದು ಚೂರಿಯನ್ನೂ ಎರಡು ಕೈಯಿಂದ ಎಳೆದು ನೋಡಿದ್ದ. ಅದು ಅವನಿಗೆ ಗೊತ್ತೇ ಇರಲಿಲ್ಲ.

ಝೇಂಕಾರ ನಿಂತಾಗ ಅಂಗಳದಲ್ಲಿ ಅವನೊಬ್ಬನೇ ಇದ್ದ. ಎತ್ತಿದ ಕೈಯನ್ನು ಇಳಿಸಲು ಮನೆಯವರು ಎಣ್ಣೆ ಹಚ್ಚಿ ತಿಕ್ಕಬೇಕಾಯಿತು.

ಅವನು ನೇರವಾಗಿ ಸತ್ತವನ ತಮ್ಮನ ಮನೆಗೆ ಹೋದ. ಅಲ್ಲಿ ನಾಳೆಯ ಹಗ್ಗಕ್ಕೆ ಪೂಜೆ ನಡೆದಿತ್ತು, ಊರೆಲ್ಲ ಸೇರಿತ್ತು. ಮುದುಕ ಎಲ್ಲರ ಎದುರು ಆ ಹುಡುಗನ ಸೊಂಟದ ಚೂರಿಯನ್ನು ಕೇಳಿ ಪಡೆದ.

"ನಿಮ್ಮಣ್ಣ ಎಳೆದಿದ್ದ ಕಣಪ್ಪ," ಎಂದ. "ನಾನು ಗುರುತು ಹಾಕಿದ ಒರೆ ಬಿಡಲಿಲ್ಲ."

ಅಲ್ಲಿಯೇ ಕುಳಿತು ಒರೆಯ ಬಾಯಿಯನ್ನು ಸಡಿಲಿಸಿದ. ತುದಿಗೆ ತೂತು ಕೊರೆದು ದಾರ ಪೋಣಿಸಿ, ಒರೆ ಮೇಲೇಳದಂತೆ ತೊಡೆಗೆ ಬಿಗಿದ. ತಮ್ಮನ ಬಲಗೈಯನ್ನು ಜಂತೆಗೆ ಕಟ್ಟಿಸಿ, ಎಡಗೈಯಿಂದ ಹತ್ತು ಸಲ ಎಳೆಸಿ ನೋಡಿದ. ಮರುದಿನ ಬಂಡೆಯಲ್ಲಿ ಹುಳ ಎದ್ದವು, ಹಗ್ಗ ಕಾಲಿಗೆ ಸುತ್ತಿತು. ತಮ್ಮ ಒಂದೇ ಕೈಯಿಂದ ಚೂರಿ ಎಳೆದು, ಕಾಲಿನ ಕುಣಿಕೆ ಕೊಯ್ದು, ಮುಖ ಬಾತು ಜೀವಂತವಾಗಿ ಮೇಲೆ ಬಂದ.

ಅಂದು ಮಧ್ಯಾಹ್ನ ಕಂಬಳಿಯವನು ಕೊನೆಯ ಸಲ ಬಂದ. ಕಂಬಳಿಯೊಳಗಿನ ಕೈ ಮೆಲ್ಲಗೆ ಕೆಳಗಿಳಿಯಿತು. ಪಾದ ನೆಲ ಮುಟ್ಟಿತು. ನಡೆದುಕೊಂಡು ಹೋದ.

ಕೆಟ್ಟ ಮೇಲೆ ಬುದ್ಧಿ ಬಂತು ಎಂದುಕೊಂಡು ಮುದುಕ ಅತ್ತ, ಆಮೇಲೆ ಹಗುರಾದ. ಆದರೆ ಮಾರನೆಯ ಮಧ್ಯಾಹ್ನ ಬಾಗಿಲು ತೆರೆದಾಗ ಅಂಗಳದಲ್ಲಿ ನಾಲ್ವರು ಸಾಲಾಗಿ ಕುಳಿತಿದ್ದರು. ಒಬ್ಬ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಿದ್ದ. ಒಬ್ಬನ ಮೈಯಿಂದ ನೀರು ಸೋರುತ್ತಿತ್ತು. ಒಬ್ಬನ ಬೆರಳುಗಳು ಚಳಿಗೆ ಸೆಟೆದಿದ್ದವು. ಕೊನೆಯವನು ಯಾವುದೋ ಮಗುವನ್ನು ಎರಡೂ ತೋಳಲ್ಲಿ ಅವುಚಿಕೊಂಡಿದ್ದ. ನಾಲ್ವರ ಮುಂದೆಯೂ ಒಂದೊಂದು ಚೂರಿ. ನಾಲ್ಕರ ಒರೆಯ ಮೇಲೂ ಅವನದೇ ಗುರುತು, ಹೊಲಿಗೆಯ ಸಂದಿನಲ್ಲಿ ಅದೇ ಹಸಿ ಮಣ್ಣು. ಈ ಸಲ ಮುದುಕ ಚೂರಿಗಳನ್ನು ನೋಡಲಿಲ್ಲ. ಒಬ್ಬೊಬ್ಬರ ಎದುರಿಗೂ ಕುಳಿತು ಮುಖ ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಚೂರಿಗಳೇನೋ ಒಳ್ಳೆಯವೇ ಆಗಿದ್ದವಲ್ಲ, ಗುರುಗಳೇ?" ಎಂದು ಕೇಳಿದ.

"ಒಳ್ಳೆಯವೇ, ನೀನೂ ಒಳ್ಳೆಯವನೇ, ಆದರೆ ನಿನ್ನನ್ನು ನಾನು ಪರೀಕ್ಷಿಸಿದ್ದೆಲ್ಲ ನೆರಳಿನಲ್ಲಿ ಕೂರಿಸಿ, ಹೊಟ್ಟೆ ತುಂಬ ಉಣ್ಣಿಸಿ."